ಹಿಂಡಿ ನೋಡಿ ಕೊಬ್ಬರಿ ಹೇಳುವುದು: ಕೆರೋಜನ್ ಟೈಪ್ ಗುರುತಿಸುವ ಸಮಗ್ರ ಮಾರ್ಗದರ್ಶಿ

ಉಡುಪಿಯಲ್ಲಿ ನಮ್ಮ ಮನೆಯ ಹತ್ತಿರವೇ ಒಂದು ಎಣ್ಣೆ ಮಿಲ್ ಇದೆ. ಬೇಸಿಗೆಯಲ್ಲಿ ಅಂಗಳದಲ್ಲಿ ಒಣಗಿಸಿದ ಕೊಬ್ಬರಿಯನ್ನು ಗೋಣಿಯಲ್ಲಿ ತುಂಬಿಸಿ ಅಲ್ಲಿಗೆ ಒಯ್ಯುತ್ತೇವೆ. ಬರುವಾಗ ಒಂದು ಕೈಯಲ್ಲಿ ಎಣ್ಣೆಯ ಕ್ಯಾನು, ಇನ್ನೊಂದು ಕೈಯಲ್ಲಿ ಹಿಂಡಿಯ ಚೀಲ. ಹಿಂಡಿ ಹಸುವಿಗೆ. ಈಗ ಯಾರಾದರೂ ಒಂದು ಮುಷ್ಟಿ ಹಿಂಡಿಯನ್ನು ಮಾತ್ರ ನಿಮ್ಮ ಕೈಗೆ ಕೊಟ್ಟು, "ಇದರ ಕೊಬ್ಬರಿ ಹೇಗಿತ್ತು? ಎಣ್ಣೆ ಎಷ್ಟು ಬಂದಿರಬಹುದು?" ಎಂದು ಕೇಳಿದರೆ ಏನು ಹೇಳುತ್ತೀರಿ? ಎಣ್ಣೆ ಮತ್ತು ಗ್ಯಾಸ್ ಹುಟ್ಟಿಸುವ ಕಲ್ಲನ್ನು ಪರೀಕ್ಷೆ ಮಾಡುವವರ ಎದುರಿಗೆ ದಿನವೂ ಇರುವ ಪ್ರಶ್ನೆ ಇದೇ.

ನಾನು ಬಹಳ ವರ್ಷ ಗುಜರಾತಿನ ಎಣ್ಣೆ ಬಾವಿಗಳ ಹತ್ತಿರ ಕೆಲಸ ಮಾಡಿದವನು. ಈಗ ಊರಿಗೆ ಬಂದಿದ್ದೇನೆ. ಮಂಗಳಗಂಗೋತ್ರಿಯಲ್ಲಿ ಸಾಗರ ಭೂವಿಜ್ಞಾನ ಓದುವ ಹುಡುಗ ಹುಡುಗಿಯರು ಆಗಾಗ ಲ್ಯಾಬ್ ರಿಪೋರ್ಟ್ ಹಿಡಿದುಕೊಂಡು ಮನೆಗೆ ಬರುತ್ತಾರೆ. "ಸರ್, ಎಚ್ಐ 120 ಬಂದಿದೆ, ಟೈಪ್ 3 ಅಂತ ಬರೆಯಲಾ?" ಎಂದು ಕೇಳುತ್ತಾರೆ. ಎಚ್ಐ ಎಂದರೆ ಹೈಡ್ರೋಜನ್ ಸೂಚ್ಯಂಕ, ಟೈಪ್ ಎಂದರೆ ಕಲ್ಲಿನಲ್ಲಿರುವ ಕೆರೋಜನ್‌ನ ಜಾತಿ; ಎರಡನ್ನೂ ಮುಂದೆ ವಿವರಿಸುತ್ತೇನೆ. ಬರೆಯಬಹುದು, ಬರೆಯದೆಯೂ ಇರಬಹುದು. ಆ ಒಂದು ನಂಬರಿನಿಂದ ಅದು ತೀರ್ಮಾನ ಆಗುವುದಿಲ್ಲ. ಯಾಕೆ ಆಗುವುದಿಲ್ಲ, ಹಾಗಾದರೆ ಹೇಗೆ ತೀರ್ಮಾನಿಸಬೇಕು ಎಂಬುದನ್ನು ಅವರಿಗೆ ಹೇಳಿದ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಕೆರೋಜನ್ ಅಂದರೆ ಏನು

ಕೆರೆ, ಸಮುದ್ರ, ಅಳಿವೆಯ ತಳದಲ್ಲಿ ಕೆಸರು ಕೂರುತ್ತದೆ. ಕೆಸರಿನ ಜೊತೆಗೆ ಸತ್ತ ಪಾಚಿ, ಎಲೆ, ಮರದ ಚೂರು, ಪರಾಗ ಎಲ್ಲ ಸೇರುತ್ತವೆ. ಜಾಸ್ತಿ ಪಾಲು ಕೊಳೆತು ಹೋಗುತ್ತದೆ. ಆಮ್ಲಜನಕ ಇಲ್ಲದ ಕಡೆ ಸ್ವಲ್ಪ ಉಳಿಯುತ್ತದೆ. ಕೆಸರಿನ ಮೇಲೆ ಕೆಸರು ಬಿದ್ದು ಅದು ಕಲ್ಲಾಗುವಾಗ, ಉಳಿದ ಈ ಸಾವಯವ ಅಂಶವೂ ಗಟ್ಟಿಯಾಗಿ ಕಲ್ಲಿನೊಳಗೆ ಸಿಕ್ಕಿಕೊಳ್ಳುತ್ತದೆ. ಅದರಲ್ಲಿ ಸಾಮಾನ್ಯ ದ್ರಾವಕಗಳಲ್ಲಿ ಕರಗದ ಭಾಗಕ್ಕೆ ಕೆರೋಜನ್ ಎಂದು ಹೆಸರು. ಕರಗುವ ಭಾಗ ಬಿಟುಮೆನ್. ಕೆರೋಜನ್ ಎಂಬ ಪದವನ್ನು ಕಟ್ಟಿದವರು ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಕ್ರಂ ಬ್ರೌನ್, 20ನೇ ಶತಮಾನದ ಆರಂಭದಲ್ಲಿ. ಗ್ರೀಕ್ ಭಾಷೆಯಲ್ಲಿ ಕೆರೋಸ್ ಎಂದರೆ ಮೇಣ. ಅಲ್ಲಿನ ಶೇಲ್ ಕಲ್ಲನ್ನು (ಜೇಡಿ ಕೆಸರು ಪದರಪದರವಾಗಿ ಗಟ್ಟಿಯಾದ ಕಲ್ಲು) ಕಾಯಿಸಿದರೆ ಮೇಣದಂಥ ಎಣ್ಣೆ ಬರುತ್ತಿತ್ತು.

ಭೂಮಿಯ ಆಳದಲ್ಲಿ ಸುಮಾರು 60 ಡಿಗ್ರಿಯಿಂದ 150 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಲಕ್ಷಾಂತರ ವರ್ಷ ಬೇಯುತ್ತಾ ಕೆರೋಜನ್ ಒಡೆದು ಎಣ್ಣೆಯಾಗುತ್ತದೆ. ಇನ್ನೂ ಬಿಸಿಯಾದರೆ ಗ್ಯಾಸ್. ಎಷ್ಟು ಬರುತ್ತದೆ, ಎಣ್ಣೆ ಬರುತ್ತದೋ ಗ್ಯಾಸ್ ಬರುತ್ತದೋ ಎಂಬುದು ಮುಖ್ಯವಾಗಿ ಅದರಲ್ಲಿ ಎಷ್ಟು ಹೈಡ್ರೋಜನ್ ಇದೆ ಎಂಬುದರ ಮೇಲೆ ನಿಂತಿದೆ. ಇದನ್ನು ಒಂದು ತೆಂಗಿನಕಾಯಿ ಇಟ್ಟುಕೊಂಡೇ ಹೇಳಬಹುದು. ಕೊಬ್ಬರಿಯಲ್ಲಿ ಎಣ್ಣೆ ಇದೆ. ಸಿಪ್ಪೆಯನ್ನು ಗಾಣಕ್ಕೆ ಹಾಕಿದರೆ ಎಣ್ಣೆ ಬರುವುದಿಲ್ಲ, ಒಲೆಗೆ ಹಾಕಿದರೆ ಉರಿಯುತ್ತದೆ. ಗೆರಟೆ ಸುಟ್ಟ ಇದ್ದಿಲಿನಿಂದ ಎಣ್ಣೆಯೂ ಇಲ್ಲ, ಗ್ಯಾಸೂ ಇಲ್ಲ. ಮೂರೂ ಒಂದೇ ಮರದ್ದು, ಮೂರರಲ್ಲೂ ಕಾರ್ಬನ್ ಇದೆ. ಹಾಗಾಗಿ ಕಾರ್ಬನ್ ಎಷ್ಟಿದೆ ಎಂದು ಮಾತ್ರ ಅಳೆದರೆ ಸಾಲದು.

ನಾಲ್ಕು ಟೈಪ್

ಟೈಪ್ 1: ಹೈಡ್ರೋಜನ್ ತುಂಬಾ ಜಾಸ್ತಿ. ಹೆಚ್ಚಾಗಿ ಕೆರೆ, ಸರೋವರದ ಪಾಚಿಯಿಂದ ಬಂದದ್ದು. ಅಮೆರಿಕದ ಗ್ರೀನ್ ರಿವರ್ ಶೇಲ್ ಇದರ ಪ್ರಸಿದ್ಧ ಉದಾಹರಣೆ. ನಮ್ಮ ದೇಶದಲ್ಲಿ ರಾಜಸ್ಥಾನದ ಬಾರ್ಮೇರ್. 2004ರಲ್ಲಿ ಅಲ್ಲಿ ಸಿಕ್ಕ ಎಣ್ಣೆ ಕ್ಷೇತ್ರದ ಹೆಸರು ಮಂಗಳಾ. ಹೆಸರು ಕೇಳಿ ನಮ್ಮ ಊರಿನ ಮಕ್ಕಳಿಗೆ ಖುಷಿಯಾಗುತ್ತದೆ. ಹಳೆಯ ಸರೋವರದ ಪಾಚಿಯಿಂದ ಬಂದ ಆ ಎಣ್ಣೆಯಲ್ಲಿ ಮೇಣ ಜಾಸ್ತಿ. ಡಿಸೆಂಬರಿನ ಚಳಿಗೆ ಬಾಟಲಿಯಲ್ಲಿ ತೆಂಗಿನೆಣ್ಣೆ ಗಟ್ಟಿಯಾಗುತ್ತದಲ್ವಾ, ಇದು ಮಾಮೂಲಿ ದಿನವೂ ಹಾಗೆ ಗಟ್ಟಿಯಾಗುತ್ತದೆ. ಅದಕ್ಕೇ ಗುಜರಾತಿನವರೆಗೆ ದಾರಿಯುದ್ದಕ್ಕೂ ಬಿಸಿ ಮಾಡುತ್ತಲೇ ಸಾಗಿಸುವ ಪೈಪ್‌ಲೈನ್ ಹಾಕಿದ್ದಾರೆ.

ಟೈಪ್ 2: ಸಮುದ್ರದ ಪಾಚಿ, ಸೂಕ್ಷ್ಮಜೀವಿಗಳಿಂದ ಬಂದದ್ದು. ಹೈಡ್ರೋಜನ್ ಚೆನ್ನಾಗಿದೆ. ಪ್ರಪಂಚದ ಎಣ್ಣೆಯ ದೊಡ್ಡ ಪಾಲು ಇಂಥ ಕಲ್ಲಿನಿಂದಲೇ ಬಂದಿದೆ. ಗಂಧಕ ಜಾಸ್ತಿ ಇರುವ ಒಂದು ಒಳಜಾತಿಯೂ ಇದೆ, ಟೈಪ್ 2-ಎಸ್. ಕ್ಯಾಲಿಫೋರ್ನಿಯಾದ ಮಾಂಟೆರೆ ಕಲ್ಲು ಅಂಥದ್ದು. ಗಂಧಕದ ಬಂಧಗಳು ಬೇಗ ಒಡೆಯುವುದರಿಂದ ಇದು ಕಡಿಮೆ ಬಿಸಿಗೇ ಎಣ್ಣೆ ಬಿಡುತ್ತದೆ.

ಟೈಪ್ 3: ನೆಲದ ಮೇಲಿನ ಗಿಡಮರಗಳದ್ದು. ಹೈಡ್ರೋಜನ್ ಕಡಿಮೆ, ಆಮ್ಲಜನಕ ಜಾಸ್ತಿ. ಮುಖ್ಯವಾಗಿ ಗ್ಯಾಸ್ ಕೊಡುತ್ತದೆ. ಝರಿಯಾ, ರಾಣಿಗಂಜ್ ಕಲ್ಲಿದ್ದಲಿನಲ್ಲಿ ಮೀಥೇನ್ ಇರುವುದು ಇದೇ ಕಾರಣಕ್ಕೆ.

ಟೈಪ್ 4: ಸುಟ್ಟದ್ದು, ಇಲ್ಲವೇ ಹೂಳುವ ಮೊದಲೇ ಗಾಳಿಗೆ ಸಿಕ್ಕಿ ಹಾಳಾದದ್ದು. ಏನೂ ಕೊಡುವುದಿಲ್ಲ.

ಕಾಂಡ್ಲಾ (ಮ್ಯಾಂಗ್ರೋವ್) ಕೆಸರು, ಕೈಯಲ್ಲೇ ಒಂದು ಪಾಠ

ಲ್ಯಾಬಿಗೆ ಹೋಗುವ ಮೊದಲು ಒಂದು ದಿನ ಇಳಿತದ ಹೊತ್ತಿಗೆ ಕೆಮ್ಮಣ್ಣು ಕಡೆ ಹೋಗಿ ಕಾಂಡ್ಲಾ ಗಿಡಗಳ ಬುಡದಲ್ಲಿ ನಿಲ್ಲಿ. ಮೇಲಿನ ಕೆಸರು ಕಂದು ಬಣ್ಣ. ಏಡಿಯ ತೂತಿನ ಪಕ್ಕದಲ್ಲಿ ಒಂದು ಗೇಣು ತೋಡಿದರೆ ಕೆಸರು ಕಪ್ಪಾಗಿರುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅಲ್ಲಿ ಆಮ್ಲಜನಕ ಮುಗಿದಿದೆ ಎಂದರ್ಥ. ಆ ಕೆಸರನ್ನು ಒಂದು ಬಾಲ್ದಿ ನೀರಿಗೆ ಹಾಕಿ ಅಕ್ಕಿ ತೊಳೆದ ಹಾಗೆ ಕೈಯಾಡಿಸಿ. ಬೇರಿನ ನಾರು, ಎಲೆಯ ದಂಟು, ತೊಗಟೆಯ ಚೂರು, ಒಂದೆರಡು ಇದ್ದಿಲಿನ ತುಂಡು ಮೇಲೆ ಬರುತ್ತವೆ. ಬೆರಳಿಗೆ ಅಂಟುವ ನುಣ್ಣನೆಯ ಲೋಳೆ ಕೆಳಗೆ ಉಳಿಯುತ್ತದೆ, ಅದರಲ್ಲಿ ಪಾಚಿ ಮತ್ತು ಬ್ಯಾಕ್ಟೀರಿಯಾದ ಪಾಲು ಇದೆ. ಒಂದೇ ಬಾಲ್ದಿಯಲ್ಲಿ ಟೈಪ್ 3, ಟೈಪ್ 4, ಸ್ವಲ್ಪ ಟೈಪ್ 2 ಎಲ್ಲದರ ಕಚ್ಚಾವಸ್ತು ಸಿಕ್ಕಿತು. ನಿಜವಾದ ಕಲ್ಲಿನಲ್ಲೂ ಸಾಮಾನ್ಯವಾಗಿ ಇದು ಹೀಗೆಯೇ, ಬೆರಕೆ. ಈ ಬಾಲ್ದಿ ಮನಸ್ಸಿನಲ್ಲಿರಲಿ.

ಇದೇ ಕರಾವಳಿಯಿಂದ ಪಶ್ಚಿಮಕ್ಕೆ ದೂರ ಹೋದರೆ ಚಿತ್ರ ಬೇರೆ. ಅರಬ್ಬಿ ಸಮುದ್ರದಲ್ಲಿ ಸುಮಾರು 150 ಮೀಟರಿನಿಂದ 1,000 ಮೀಟರ್ ಆಳದವರೆಗೆ ಆಮ್ಲಜನಕ ತೀರಾ ಕಡಿಮೆ ಇರುವ ಪದರ ಇದೆ. ಆ ನೀರು ತಾಗುವ ಇಳಿಜಾರಿನ ಕೆಸರಿನಲ್ಲಿ ಸಮುದ್ರದ ಪಾಚಿಯ ಅಂಶ ಚೆನ್ನಾಗಿ ಉಳಿಯುತ್ತದೆ. ಅಲ್ಲಿ ಮರದ ಚೂರಿಗಿಂತ ಪಾಚಿಯದ್ದೇ ಪಾಲು ಜಾಸ್ತಿ.

"ಹಾಗಾದರೆ ಮಲ್ಪೆಯಲ್ಲಿ ಎಣ್ಣೆ ಇದೆಯಾ?" ಎಂದು ಎಲ್ಲರೂ ಕೇಳುತ್ತಾರೆ. ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳು ಜ್ವಾಲಾಮುಖಿಯವು, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದವು, ಸುಮಾರು 8.8 ಕೋಟಿ ವರ್ಷ ಹಳೆಯವು. ಅದರಲ್ಲಿ ಕೆರೋಜನ್ ಇರುವುದಿಲ್ಲ. ನಮ್ಮ ಮನೆ ಗೋಡೆಯ ಮುರಕಲ್ಲಿನಲ್ಲೂ ಇಲ್ಲ, ಅದರಡಿಯ ನೈಸ್ (gneiss) ಎಂಬ ಹಳೆಯ ಶಿಲೆಯಲ್ಲೂ ಇಲ್ಲ. ಪಾದೂರಿನ ನೆಲದಡಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಕಚ್ಚಾ ತೈಲ ತುಂಬಿಡುವ ಗುಹೆಗಳಿವೆ. ಆದರೆ ಆ ಕಲ್ಲು ಎಣ್ಣೆಗೆ ಜಾಗ ಕೊಟ್ಟಿದೆ ಅಷ್ಟೇ, ಎಣ್ಣೆ ಹಡೆದದ್ದಲ್ಲ. ಅಲ್ಲಿರುವ ಎಣ್ಣೆಯ ತಾಯಿಕಲ್ಲು ಬೇರೆ ಎಲ್ಲೋ ದೂರದ ದೇಶದ್ದು.

ಹೆಜ್ಜೆ 1: ಸ್ಯಾಂಪಲ್

ಹಾಳಾಗುವುದು ಜಾಸ್ತಿ ಇಲ್ಲಿಯೇ. ಸ್ಯಾಂಪಲ್ ಸರಿ ಇಲ್ಲದಿದ್ದರೆ ಮುಂದಿನ ಯಾವ ಮೆಷಿನ್ನೂ ನಿಮ್ಮನ್ನು ಕಾಪಾಡುವುದಿಲ್ಲ.

ಹೊರಗೆ ಕಾಣುವ ಬಂಡೆಯಿಂದ ತೆಗೆಯುವುದಾದರೆ ಮೇಲಿನ ಬಣ್ಣಗೆಟ್ಟ ಭಾಗ ಕಡಿದು ಬಿಸಾಡಿ, ಒಳಗಿನ ಗಟ್ಟಿ ಕಲ್ಲು ತೆಗೆಯಿರಿ. ಮಳೆ ಗಾಳಿಗೆ ಸಿಕ್ಕಿದ ಕೆರೋಜನ್ ಹೈಡ್ರೋಜನ್ ಕಳೆದುಕೊಳ್ಳುತ್ತದೆ, ಆಮ್ಲಜನಕ ಸೇರಿಸಿಕೊಳ್ಳುತ್ತದೆ. ಅಂದರೆ ಟೈಪ್ 2 ಕಲ್ಲು ಟೈಪ್ 3ರ ವೇಷ ಹಾಕುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ನೋಡುವ ನಮಗೆ ಕಲ್ಲು ಹೇಗೆ ಹಾಳಾಗುತ್ತದೆ ಎಂದು ಬೇರೆಯವರು ಹೇಳಬೇಕಿಲ್ಲ.

ಬಾವಿಯ ಸ್ಯಾಂಪಲ್ ಎರಡು ತರಹ. ಕೋರ್ ಎಂದರೆ ಇಡಿಯಾಗಿ ಕೊರೆದು ತೆಗೆದ ಉದ್ದ ಕಲ್ಲು. ದುಬಾರಿ, ಆದರೆ ನಂಬಬಹುದು. ಕಟಿಂಗ್ಸ್ ಎಂದರೆ ಡ್ರಿಲ್ಲಿಂಗ್ ಮಡ್ (ಕೊರೆಯುವಾಗ ಬಾವಿಗೆ ಬಿಡುವ ಕೆಸರಿನಂಥ ದ್ರವ) ಜೊತೆ ಮೇಲೆ ಬರುವ ಚೂರುಗಳು. ಇದರಲ್ಲಿ ಮೇಲಿನ ಪದರದಿಂದ ಉದುರಿದ ಚೂರೂ ಸೇರಿರುತ್ತದೆ, ಮಡ್‌ಗೆ ಹಾಕಿದ ವಸ್ತುಗಳೂ ಸೇರಿರುತ್ತವೆ.

ನನಗೆ ಪಾಠ ಆದದ್ದು ಈ ಕಟಿಂಗ್ಸ್‌ನಿಂದ. ಕೆಲಸಕ್ಕೆ ಸೇರಿ ಎರಡನೇ ವರ್ಷ. ಒಂದು ಬಾವಿಯ ಕೆಲವು ಸ್ಯಾಂಪಲ್‌ಗಳಲ್ಲಿ ಕಾರ್ಬನ್ 6% ಬಂತು, ಹೈಡ್ರೋಜನ್ ಸೂಚ್ಯಂಕವೂ ಜೋರಾಗಿತ್ತು. ಉತ್ಸಾಹದಲ್ಲಿ "ಅತ್ಯುತ್ತಮ ಟೈಪ್ 2" ಎಂದು ಬರೆದೆ. ನಮ್ಮ ಹಿರಿಯರೊಬ್ಬರು ಮಂಗಳೂರಿನವರೇ. ರಿಪೋರ್ಟ್ ಪಕ್ಕಕ್ಕಿಟ್ಟು, "ನಂಬರ್ ಮತ್ತೆ ನೋಡುವ ಮಾರಾಯಾ, ಮೊದಲು ಕಲ್ಲು ತೋರಿಸು" ಎಂದರು. ಚೂರುಗಳನ್ನು ತಟ್ಟೆಯಲ್ಲಿ ಹರಡಿ ಲೆನ್ಸ್ ಹಿಡಿದೆವು. ಬೂದು ಶೇಲ್ ಚೂರುಗಳ ನಡುವೆ ಗಾಜಿನಂತೆ ಹೊಳೆಯುವ ಕಪ್ಪು ಚೂರುಗಳು. ಸೂಜಿಯಿಂದ ಒತ್ತಿದರೆ ಪುಡಿಯಾಗುತ್ತಿತ್ತು, ಬಿಸಿ ತಾಗಿಸಿದರೆ ಕರಗುತ್ತಿತ್ತು. ಬಾವಿಯ ಗೋಡೆ ಕುಸಿಯದಿರಲು ಮಡ್‌ಗೆ ಹಾಕುವ ಗಿಲ್ಸೊನೈಟ್ ಅದು, ನೈಸರ್ಗಿಕ ಡಾಂಬರು. ನಾನು ಅಳೆದದ್ದು ಅದನ್ನು! ಅದನ್ನೆಲ್ಲ ಹೆಕ್ಕಿ ತೆಗೆದು ಮತ್ತೆ ಅಳೆದಾಗ ಕಾರ್ಬನ್ 1%ಗಿಂತ ಕೆಳಗೆ ಇಳಿಯಿತು. ಅವತ್ತಿನಿಂದ ಹೆಕ್ಕದೆ ಒಂದು ಸ್ಯಾಂಪಲನ್ನೂ ಪುಡಿ ಮಾಡಿಲ್ಲ.

ಹಾಗಾಗಿ: ಕಟಿಂಗ್ಸ್ ತೊಳೆಯಿರಿ, 40 ಡಿಗ್ರಿ ಸುಮಾರಿನ ಬಿಸಿಯಲ್ಲಿ ಒಣಗಿಸಿ, ಲೆನ್ಸ್ ಅಡಿ ಹೆಕ್ಕಿ. ಮಡ್‌ಗೆ ಏನೇನು ಹಾಕಿದ್ದಾರೆ ಎಂಬ ಪಟ್ಟಿಯನ್ನು ಬಾವಿಯವರಿಂದ ಕೇಳಿ ಪಡೆಯಿರಿ. ಲಿಗ್ನೈಟ್, ವಾಲ್‌ನಟ್ ಸಿಪ್ಪೆ, ಡೀಸೆಲ್ ಇವೆಲ್ಲ ಆ ಪಟ್ಟಿಯಲ್ಲಿ ಇರುತ್ತವೆ.

ಹೆಜ್ಜೆ 2: ಟಿಒಸಿ

ಟಿಒಸಿ ಎಂದರೆ ಕಲ್ಲಿನ ತೂಕದಲ್ಲಿ ಶೇಕಡಾ ಎಷ್ಟು ಸಾವಯವ ಕಾರ್ಬನ್. ಪುಡಿ ಮಾಡಿದ ಕಲ್ಲಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಸುಣ್ಣದ ಅಂಶ ಕರಗಿಸಬೇಕು. ಬುರುಬುರು ನೊರೆ ನಿಂತ ಮೇಲೆ ತೊಳೆದು ಒಣಗಿಸಿ, ಸುಟ್ಟು, ಬರುವ ಕಾರ್ಬನ್ ಡೈಆಕ್ಸೈಡ್ ಅಳೆಯುವುದು. ಸುಣ್ಣ ತೆಗೆಯದಿದ್ದರೆ ಚಿಪ್ಪು, ಸುಣ್ಣಕಲ್ಲಿನ ಕಾರ್ಬನ್ ಕೂಡ ಲೆಕ್ಕಕ್ಕೆ ಬರುತ್ತದೆ.

0.5%ಗಿಂತ ಕಡಿಮೆ ಇದ್ದರೆ ಬಡ ಕಲ್ಲು. 0.5ರಿಂದ 1 ಪರವಾಗಿಲ್ಲ, 1ರಿಂದ 2 ಚೆನ್ನಾಗಿದೆ, 2ರಿಂದ 4 ಬಹಳ ಚೆನ್ನಾಗಿದೆ, 4ಕ್ಕಿಂತ ಮೇಲೆ ಅತ್ಯುತ್ತಮ. 0.5ಕ್ಕಿಂತ ಕೆಳಗಿನ ಸ್ಯಾಂಪಲ್‌ಗೆ ಟೈಪ್ ಹಚ್ಚಲು ಹೋಗಬೇಡಿ. ಮುಂದಿನ ಲೆಕ್ಕದಲ್ಲಿ ಟಿಒಸಿಯಿಂದ ಭಾಗಿಸುತ್ತೇವೆ, ಅದು ಸಣ್ಣದಾದಷ್ಟೂ ತಪ್ಪು ದೊಡ್ಡದಾಗುತ್ತದೆ.

ಹೆಜ್ಜೆ 3: ರಾಕ್-ಇವಾಲ್

1970ರ ದಶಕದಲ್ಲಿ ಫ್ರಾನ್ಸಿನ ಪೆಟ್ರೋಲಿಯಂ ಸಂಸ್ಥೆಯಲ್ಲಿ ಎಸ್ಪಿಟಾಲಿಯೆ ಮತ್ತು ಅವರ ಸಂಗಡಿಗರು ರೂಪಿಸಿದ ವಿಧಾನ ಇದು. ಭೂಮಿ ಲಕ್ಷಾಂತರ ವರ್ಷ ಮಾಡುವುದನ್ನು ಈ ಮೆಷಿನ್ ಅರ್ಧ ಗಂಟೆಯೊಳಗೆ ಮಾಡಿ ತೋರಿಸುತ್ತದೆ. ಸಮಯ ಕಡಿಮೆ, ಅದಕ್ಕೇ ಬಿಸಿ ಜಾಸ್ತಿ ಬೇಕು. ಆಮ್ಲಜನಕ ಇಲ್ಲದ ಒಲೆಯಲ್ಲಿ, ಒಂದು ಚಿಟಿಕೆಗಿಂತಲೂ ಕಡಿಮೆ ಕಲ್ಲಿನ ಪುಡಿ, ಸುಮಾರು 60ರಿಂದ 100 ಮಿಲಿಗ್ರಾಂ, ಹಂತಹಂತವಾಗಿ ಕಾಯುತ್ತದೆ.

300 ಡಿಗ್ರಿಯಲ್ಲಿ ಕೆಲವು ನಿಮಿಷ ಇಟ್ಟಾಗ, ಆಗಲೇ ಕಲ್ಲಿನಲ್ಲಿದ್ದ ಎಣ್ಣೆ, ಗ್ಯಾಸ್ ಹಾರಿ ಬರುತ್ತದೆ. ಇದು ಎಸ್1. ಆಮೇಲೆ ನಿಮಿಷಕ್ಕೆ 25 ಡಿಗ್ರಿಯಂತೆ ಬಿಸಿ ಏರಿಸಿದಾಗ ಕೆರೋಜನ್ ಒಡೆದು ಹೊಸದಾಗಿ ಬರುವುದು ಎಸ್2. ಕೆರೋಜನ್‌ನ ಆಮ್ಲಜನಕ ಕಾರ್ಬನ್ ಡೈಆಕ್ಸೈಡ್ ಆಗಿ ಬರುವುದನ್ನು 390 ಡಿಗ್ರಿವರೆಗೆ ಮಾತ್ರ ಹಿಡಿಯುತ್ತಾರೆ, ಅದು ಎಸ್3. ಅದಕ್ಕಿಂತ ಮೇಲೆ ಸುಣ್ಣದಂಥ ಖನಿಜಗಳು ಒಡೆದು ಬರುವ ಗ್ಯಾಸ್ ಬೆರೆತುಬಿಡುತ್ತದೆ. ಎಸ್2 ಅತಿ ಹೆಚ್ಚು ಬರುವ ಹೊತ್ತಿನ ಉಷ್ಣತೆ ಟಿಮ್ಯಾಕ್ಸ್.

ಗಾಣದ ಭಾಷೆಯಲ್ಲಿ: ಎಸ್1 ಎಂದರೆ ಕೊಬ್ಬರಿಯ ಮೇಲೆ ಆಗಲೇ ಜಿನುಗಿದ ಎಣ್ಣೆ. ಎಸ್2 ಎಂದರೆ ಇನ್ನು ಹಿಂಡಿದರೆ ಬರಬಹುದಾದ ಎಣ್ಣೆ.

ರಿಪೋರ್ಟ್ ಬಂದ ಕೂಡಲೇ ನಂಬರಿಗೆ ಹಾರಬೇಡಿ, ಮೊದಲು ಕರ್ವ್ ನೋಡಿ. ಎಸ್2 ಒಂದೇ ಗೂಡಿನಂತೆ ನುಣ್ಣಗೆ ಏರಿ ಇಳಿದಿದೆಯಾ? ಎಡಗಡೆ ಇನ್ನೊಂದು ಗುಡ್ಡ ಎದ್ದಿದ್ದರೆ ಭಾರದ ಎಣ್ಣೆಯೋ ಡಾಂಬರೋ ಎಸ್1ರಿಂದ ಎಸ್2ಗೆ ನುಗ್ಗಿದೆ ಎಂದರ್ಥ. ಆಗ ಟಿಮ್ಯಾಕ್ಸ್ ಸುಳ್ಳು ಹೇಳುತ್ತದೆ. ದ್ರಾವಕದಲ್ಲಿ ತೊಳೆದು ಮತ್ತೆ ಓಡಿಸಬೇಕು. ಎಸ್2 ಗ್ರಾಮಿಗೆ 0.2 ಮಿಲಿಗ್ರಾಮಿಗಿಂತ ಕಡಿಮೆ ಇದ್ದರೆ ಟಿಮ್ಯಾಕ್ಸನ್ನು ಬಿಟ್ಟೇ ಬಿಡಿ.

ಹೆಜ್ಜೆ 4: ಲೆಕ್ಕ

ಎಚ್ಐ, ಅಂದರೆ ಹೈಡ್ರೋಜನ್ ಸೂಚ್ಯಂಕ = ಎಸ್2 × 100 ÷ ಟಿಒಸಿ
ಒಐ, ಅಂದರೆ ಆಕ್ಸಿಜನ್ ಸೂಚ್ಯಂಕ = ಎಸ್3 × 100 ÷ ಟಿಒಸಿ
ಪಿಐ, ಅಂದರೆ ಉತ್ಪಾದನಾ ಸೂಚ್ಯಂಕ = ಎಸ್1 ÷ (ಎಸ್1 + ಎಸ್2)

ಇನ್ನೂ ಬೇಯದ ಕಲ್ಲಾದರೆ ಎಚ್ಐ 600ಕ್ಕಿಂತ ಮೇಲೆ ಟೈಪ್ 1. 300ರಿಂದ 600 ಟೈಪ್ 2. 200ರಿಂದ 300 ಎರಡರ ಮತ್ತು ಮೂರರ ಬೆರಕೆ. 50ರಿಂದ 200 ಟೈಪ್ 3. 50ಕ್ಕಿಂತ ಕೆಳಗೆ ಟೈಪ್ 4. "ಇನ್ನೂ ಬೇಯದ ಕಲ್ಲಾದರೆ" ಎಂಬ ಮಾತಿಗೆ ಕೆಂಪು ಪೆನ್ನಲ್ಲಿ ಗೆರೆ ಎಳೆದುಕೊಳ್ಳಿ.

ಲೆಕ್ಕ ತೋರಿಸಲು ನಾನೇ ಕಟ್ಟಿದ ಎರಡು ಸ್ಯಾಂಪಲ್ ಇಲ್ಲಿವೆ. ಟಿಒಸಿ ಶೇಕಡಾದಲ್ಲಿ, ಎಸ್1, ಎಸ್2, ಎಸ್3 ಒಂದು ಗ್ರಾಂ ಕಲ್ಲಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿ, ಟಿಮ್ಯಾಕ್ಸ್ ಡಿಗ್ರಿ ಸೆಲ್ಸಿಯಸ್‌ನಲ್ಲಿ.

ಸ್ಯಾಂಪಲ್ ಅ: ಟಿಒಸಿ 3.2, ಎಸ್1 0.9, ಎಸ್2 12.8, ಎಸ್3 1.6, ಟಿಮ್ಯಾಕ್ಸ್ 428. ಎಚ್ಐ 400, ಒಐ 50, ಪಿಐ 0.07.

ಸ್ಯಾಂಪಲ್ ಆ: ಟಿಒಸಿ 2.0, ಎಸ್1 0.8, ಎಸ್2 2.4, ಎಸ್3 0.3, ಟಿಮ್ಯಾಕ್ಸ್ 456. ಎಚ್ಐ 120, ಒಐ 15, ಪಿಐ 0.25.

ಒಐ ಅಡ್ಡಗೆರೆಯಲ್ಲಿ, ಎಚ್ಐ ನಿಲುವು ಗೆರೆಯಲ್ಲಿ ಇಟ್ಟು ಗ್ರಾಫ್ ಹಾಕಿ. ಡಚ್ ವಿಜ್ಞಾನಿ ವಾನ್ ಕ್ರೆವೆಲನ್ ಕಲ್ಲಿದ್ದಲಿಗಾಗಿ ಮಾಡಿದ ಗ್ರಾಫಿನ ತಮ್ಮ ಇದು. ಮೂಲ ಗ್ರಾಫಿನಲ್ಲಿ ಪರಮಾಣುಗಳ ಲೆಕ್ಕ: ಹೈಡ್ರೋಜನ್ ÷ ಕಾರ್ಬನ್, ಆಕ್ಸಿಜನ್ ÷ ಕಾರ್ಬನ್ ಅನುಪಾತ. 1974ರಲ್ಲಿ ಫ್ರಾನ್ಸಿನ ಟಿಸ್ಸೋ ಮತ್ತು ಸಂಗಡಿಗರು ಕೆರೋಜನ್‌ಗೆ ಅದನ್ನು ಬಳಸಿ ಟೈಪ್ 1, 2, 3 ಎಂದು ಹೆಸರಿಟ್ಟರು. ಆ ಗ್ರಾಫಿನಲ್ಲಿ ಮೂರು ದಾರಿಗಳಿವೆ. ಶುರುವಾಗುವಾಗ ದೂರ ದೂರ. ಬೆಂದ ಹಾಗೆ ಮೂರೂ ಕೆಳಗಿಳಿದು ಎಡಗಡೆಯ ಮೂಲೆಯಲ್ಲಿ ಒಂದಾಗುತ್ತವೆ. ಮೂಲೆಗೆ ಬಿದ್ದ ಚುಕ್ಕಿ ಯಾವ ದಾರಿಯಲ್ಲಿ ಬಂತು ಎಂದು ಗ್ರಾಫ್ ಹೇಳುವುದಿಲ್ಲ.

ಹೆಜ್ಜೆ 5: ಎಷ್ಟು ಬೆಂದಿದೆ?

ವಿದ್ಯಾರ್ಥಿಗಳು ಹೆಚ್ಚಾಗಿ ಹಾರಿಸಿ ಹೋಗುವುದು ಈ ಹೆಜ್ಜೆಯನ್ನೇ. ದಯವಿಟ್ಟು ಹಾರಿಸಬೇಡಿ.

ಟಿಮ್ಯಾಕ್ಸ್ 435ಕ್ಕಿಂತ ಕಡಿಮೆ ಇದ್ದರೆ ಹಸಿ. 435ರಿಂದ 445 ಎಣ್ಣೆ ಬಿಡಲು ಶುರು. 450ರವರೆಗೆ ಭರಾಟೆ. 470ರವರೆಗೆ ಕೊನೆಯ ಹಂತ. ಅಲ್ಲಿಂದ ಮೇಲೆ ಎಣ್ಣೆಯ ಕಾಲ ಮುಗಿದು ಗ್ಯಾಸಿನ ಕಾಲ. ಇದು ಟೈಪ್ 2, 3ಕ್ಕೆ ಹೊಂದುವ ಅಂದಾಜು. ಟೈಪ್ 1ರಲ್ಲಿ ಟಿಮ್ಯಾಕ್ಸ್ ಬೇಗ ಬದಲಾಗುವುದಿಲ್ಲ. ಟೈಪ್ 2-ಎಸ್‌ನಲ್ಲಿ ಕಡಿಮೆ ಉಷ್ಣತೆಗೇ ಎಣ್ಣೆ ಬಂದಿರುತ್ತದೆ.

ಎರಡನೇ ಸಾಕ್ಷಿ ವಿಟ್ರಿನೈಟ್ ಪ್ರತಿಫಲನ. ವಿಟ್ರಿನೈಟ್ ಎಂದರೆ ಮರದ ಅಂಶ ಗಟ್ಟಿಯಾದದ್ದು. ಬೆಂದಷ್ಟೂ ಅದರ ಹೊಳಪು ಏರುತ್ತದೆ. ಮೈಕ್ರೋಸ್ಕೋಪಿನಲ್ಲಿ ಎಷ್ಟು ಶೇಕಡಾ ಬೆಳಕು ಹಿಂದಿರುಗುತ್ತದೆ ಎಂದು ಅಳೆಯುತ್ತಾರೆ. 0.6%ವರೆಗೆ ಹಸಿ, 0.6ರಿಂದ 1.3ರ ಸುಮಾರಿಗೆ ಎಣ್ಣೆ, ಆಮೇಲೆ ಗ್ಯಾಸ್. ಒಂದು ಎಚ್ಚರಿಕೆ: ನೆಲದ ಮೇಲೆ ಗಿಡಮರಗಳೇ ಇಲ್ಲದ ಕಾಲದ ಕಲ್ಲಿನಲ್ಲಿ ವಿಟ್ರಿನೈಟ್ ಇರುವುದಿಲ್ಲ. ನಮ್ಮ ರಾಜ್ಯದ ಕಲಾದಗಿ, ಭೀಮಾ ಪದರ ಶಿಲೆಗಳು ಅಷ್ಟು ಹಳೆಯವು. ಅಲ್ಲಿ ವಿಟ್ರಿನೈಟ್ ಕಂಡೆ ಎಂದು ಯಾರಾದರೂ ಬರೆದರೆ ಸುಮ್ನೆ ನಂಬಬೇಡಿ. ಆ ಕಲ್ಲುಗಳಿಗೆ ಮರದಿಂದ ಬರುವ ಟೈಪ್ 3 ಎಂಬ ಹೆಸರೂ ಒಪ್ಪುವುದಿಲ್ಲ.

ಈಗ ಸ್ಯಾಂಪಲ್ ಅ ನೋಡಿ. ಟಿಮ್ಯಾಕ್ಸ್ 428, ಪಿಐ 0.1ಕ್ಕಿಂತ ಕಡಿಮೆ. ಹಸಿ ಕಲ್ಲು. ಹಾಗಾಗಿ ಎಚ್ಐ 400 ಅದರ ಹುಟ್ಟುಗುಣಕ್ಕೆ ಹತ್ತಿರ, ಅಂದರೆ ಟೈಪ್ 2.

ಸ್ಯಾಂಪಲ್ ಆ? ಎಚ್ಐ 120 ಮಾತ್ರ ನೋಡಿದರೆ ಟೈಪ್ 3. ಆದರೆ ಟಿಮ್ಯಾಕ್ಸ್ 456, ಪಿಐ 0.25. ಈ ಕಲ್ಲು ಚೆನ್ನಾಗಿ ಬೆಂದಿದೆ, ಎಣ್ಣೆ ಬಿಟ್ಟಾಗಿದೆ. ನಿಮ್ಮ ಕೈಯಲ್ಲಿರುವುದು ಹಿಂಡಿ. ಮೊದಲು ಕೊಬ್ಬರಿಯಾಗಿತ್ತೋ ಸಿಪ್ಪೆಯೇ ಆಗಿತ್ತೋ ಎಂದು ಈ ನಂಬರುಗಳು ಹೇಳುವುದಿಲ್ಲ. ಎರಡು ದಾರಿ ಇದೆ. ಒಂದು, ಅದೇ ಪದರ ಕಡಿಮೆ ಆಳದಲ್ಲಿ, ಬೇಯದೆ ಇರುವ ಜಾಗದಿಂದ ಸ್ಯಾಂಪಲ್ ತರಿಸುವುದು. ಸಿಗುವುದಾದರೆ ಇದೇ ಒಳ್ಳೆಯದು. ಇನ್ನೊಂದು, ಮೈಕ್ರೋಸ್ಕೋಪ್.

ಹೆಜ್ಜೆ 6: ಕಣ್ಣಿಂದ ನೋಡುವುದು

ಕಲ್ಲಿನಿಂದ ಕೆರೋಜನ್ ಬೇರೆ ಮಾಡಲು ಮೊದಲು ಹೈಡ್ರೋಕ್ಲೋರಿಕ್ ಆಸಿಡ್, ಆಮೇಲೆ ಹೈಡ್ರೋಫ್ಲೋರಿಕ್ ಆಸಿಡ್ ಹಾಕುತ್ತಾರೆ. ಎರಡನೆಯದು ಮರಳು, ಜೇಡಿ ಎಲ್ಲವನ್ನೂ ಕರಗಿಸುತ್ತದೆ. ಗಾಜನ್ನೂ ತಿನ್ನುತ್ತದೆ, ಅದಕ್ಕೇ ಪ್ಲಾಸ್ಟಿಕ್ ಪಾತ್ರೆ. ಚರ್ಮಕ್ಕೆ ತಾಗಿದರೆ ಎಷ್ಟೋ ಸಲ ಕೂಡಲೇ ನೋವು ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಒಳಗೆ ಇಳಿದು ಮೂಳೆಯವರೆಗೂ ಹೋಗುತ್ತದೆ, ಜೀವಕ್ಕೇ ಅಪಾಯ. ತರಬೇತಿ, ಫ್ಯೂಮ್ ಹುಡ್, ಸರಿಯಾದ ಕೈಗವಸು, ಪಕ್ಕದಲ್ಲಿ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಇಲ್ಲದೆ ಇದನ್ನು ಮುಟ್ಟಲೇಬೇಡಿ. ಒಬ್ಬರೇ ಇರುವಾಗ ಖಂಡಿತ ಬೇಡ. ಡೆಹ್ರಾಡೂನ್, ಲಖನೌನಂಥ ಕಡೆ ಇದಕ್ಕೇ ಅಂತ ಲ್ಯಾಬ್‌ಗಳಿವೆ, ಅಲ್ಲಿಗೆ ಕಳಿಸಿ.

ಆಸಿಡ್ ಬೇಡ ಎಂದರೆ ಕಲ್ಲಿನ ಚೂರನ್ನೇ ರೆಸಿನ್‌ನಲ್ಲಿ ಕೂರಿಸಿ, ಕನ್ನಡಿಯ ಹಾಗೆ ಪಾಲಿಶ್ ಮಾಡಿ ಮೇಲಿನಿಂದ ಬೆಳಕು ಬಿಟ್ಟು ನೋಡಬಹುದು. ಮೂರು ಗುಂಪು ಕಾಣುತ್ತದೆ. ಲಿಪ್ಟಿನೈಟ್ ಕಪ್ಪಾಗಿ ಇರುತ್ತದೆ. ಪಾಚಿ, ಪರಾಗ, ಎಲೆಯ ಮೇಣದ ಪೊರೆ, ರಾಳ ಇವೆಲ್ಲ ಇದರಲ್ಲಿ ಸೇರಿವೆ. ವಿಟ್ರಿನೈಟ್ ಬೂದು. ಇನರ್ಟಿನೈಟ್ ಬಿಳಿಯಾಗಿ ಹೊಳೆಯುತ್ತದೆ, ಸುಟ್ಟ ಮರದ ಜೀವಕೋಶಗಳ ತೂತುಗಳು ಜೇನುಗೂಡಿನ ಹಾಗೆ ಹಾಗೇ ಉಳಿದಿರುತ್ತವೆ.

ಈಗ ಬಿಳಿ ಬೆಳಕು ಆರಿಸಿ ಅಲ್ಟ್ರಾವಯಲೆಟ್ ಬೆಳಕು ಹಾಕಿ. ಮೊದಲ ಸಲ ಇದನ್ನು ನೋಡಿದ ದಿನ ನನಗೆ ಊಟ ಮರೆತುಹೋಗಿತ್ತು. ವಿಟ್ರಿನೈಟ್ ಹೆಚ್ಚುಕಡಿಮೆ ಕತ್ತಲಾಗುತ್ತದೆ. ಇಷ್ಟು ಹೊತ್ತು ಕಪ್ಪಾಗಿದ್ದ ಪಾಚಿ ಹಳದಿಯಾಗಿ ಹೊತ್ತಿಕೊಳ್ಳುತ್ತದೆ. ಮಳೆಗಾಲ ಶುರುವಾಗುವ ಮೊದಲು ಮರದ ತುಂಬ ಮಿಂಚುಹುಳ ಕೂತ ಹಾಗೆ. ಆ ಹಳದಿಯೇ ಹೈಡ್ರೋಜನ್‌ನ ಗುರುತು, ಎಣ್ಣೆ ಬರುವುದು ಅಲ್ಲಿಂದ. ಬೆಂದ ಹಾಗೆ ಹಳದಿ ಕಿತ್ತಳೆಯಾಗಿ, ಕಂದಾಗಿ, ಕೊನೆಗೆ ಆರಿಹೋಗುತ್ತದೆ. ಹಾಗಾಗಿ ಬೆಂದ ಕಲ್ಲಿನಲ್ಲಿ ಹೊಳಪು ಹುಡುಕಬೇಡಿ, ಆಕಾರ ನೋಡಿ: ಚೂಪು ಅಂಚಿನ ಚೂರು ಮರದ್ದು, ಹತ್ತಿಯ ಮುದ್ದೆಯಂಥ ಆಕಾರ ಇಲ್ಲದ ಗಂಟು ಹೆಚ್ಚಾಗಿ ಪಾಚಿ ಮತ್ತು ಬ್ಯಾಕ್ಟೀರಿಯಾದ್ದು.

ಕನಿಷ್ಠ 300 ಕಣ ಎಣಿಸಿ ಶೇಕಡಾ ಬರೆಯಿರಿ. ಬೇಜಾರಿನ ಕೆಲಸ, ಆದರೆ ಇದಕ್ಕೆ ಬದಲಿಯಿಲ್ಲ. ಸ್ಯಾಂಪಲ್ ಅ ಹಸಿ ಕಲ್ಲು, ಎಚ್ಐ 400, ಟೈಪ್ 2 ಎಂದೆವು. ಆದರೆ ಅದರ ಕಾರ್ಬನ್ ಅರ್ಧ 750 ಎಚ್ಐ ಇರುವ ಕೆರೆಯ ಪಾಚಿ, ಇನ್ನರ್ಧ 50 ಎಚ್ಐ ಇರುವ ಇದ್ದಿಲು ಆಗಿದ್ದರೆ? ಸರಾಸರಿ ಮತ್ತೆ 400! ಮೆಷಿನ್‌ಗೆ ಎರಡೂ ಒಂದೇ. ಎಣ್ಣೆ ಬೇರೆ ಬೇರೆ: ಒಂದು ಸಮುದ್ರದ್ದು, ಇನ್ನೊಂದು ಮೇಣದ್ದು. ಕಾಂಡ್ಲಾ ಕೆಸರಿನ ಬಾಲ್ದಿ ನೆನಪಿಡಿ ಅಂದದ್ದು ಇದಕ್ಕೇ. ಗುಜರಾತಿನ ಕ್ಯಾಂಬೆ ಶೇಲ್‌ನಲ್ಲೂ ಮರದ ಅಂಶ, ನೀರಿನ ಪಾಚಿಯ ಅಂಶ ಬೆರೆತೇ ಇದೆ.

ಹೆಜ್ಜೆ 7: ಹಿಂದಕ್ಕೆ ಲೆಕ್ಕ

ಸ್ಯಾಂಪಲ್ ಆ ಮೈಕ್ರೋಸ್ಕೋಪಿನಲ್ಲಿ ಹೀಗೆ ಕಂಡಿತು ಎಂದಿಟ್ಟುಕೊಳ್ಳಿ: ಟೈಪ್ 2ಕ್ಕೆ ಸೇರುವ ಕಣ 70%, ವಿಟ್ರಿನೈಟ್ (ಟೈಪ್ 3) 20%, ಇನರ್ಟಿನೈಟ್ (ಟೈಪ್ 4) 10%. ಹುಟ್ಟುವಾಗ ಎಚ್ಐ ಎಷ್ಟಿತ್ತು ಎಂದು ಅಂದಾಜಿಸಲು ಟೈಪ್ 1ಕ್ಕೆ 750, ಟೈಪ್ 2ಕ್ಕೆ 450, ಟೈಪ್ 3ಕ್ಕೆ 125, ಟೈಪ್ 4ಕ್ಕೆ 50 ಎಂದು ಹಿಡಿಯುವುದು ರೂಢಿ. 315 + 25 + 5 = 345. ಈಗ ಉಳಿದಿರುವುದು 120.

ಎಷ್ಟು ಪಾಲು ಖರ್ಚಾಯಿತು? 1200 × (345 − 120) ÷ (345 × (1200 − 120)) = 0.72. ಅಂದರೆ ಸುಮಾರು 72%. ಈ 1200 ಎಲ್ಲಿಂದ ಬಂತು? ಎಣ್ಣೆ, ಗ್ಯಾಸ್‌ನಲ್ಲಿ ಕಾರ್ಬನ್ ಸುಮಾರು 83%. ಒಂದು ಗ್ರಾಂ ಕಾರ್ಬನ್ ಪೂರ್ತಿ ಎಣ್ಣೆಯಾದರೆ 1,200 ಮಿಲಿಗ್ರಾಂ ಆಗುತ್ತದೆ, ಅಷ್ಟೇ. ಟಿಒಸಿ ಕೂಡ ಮೊದಲು 2.0ಕ್ಕಿಂತ ಜಾಸ್ತಿ ಇತ್ತು ಎಂಬುದನ್ನು ಮರೆಯಬೇಡಿ.

ಹೆಜ್ಜೆ 8: ಪದರ ಪೂರ್ತಿ ನೋಡುವುದು

ಒಂದೇ ಪದರದಿಂದ ಹತ್ತು ಹದಿನೈದು ಸ್ಯಾಂಪಲ್ ಇದ್ದರೆ ಟಿಒಸಿ ಅಡ್ಡಕ್ಕೆ, ಎಸ್2 ನಿಲುವಿಗೆ ಇಟ್ಟು ಚುಕ್ಕಿ ಹಾಕಿ. ಗೆರೆಯ ಇಳಿಜಾರನ್ನು ನೂರರಿಂದ ಗುಣಿಸಿದರೆ ಆ ಪದರದ ಸರಾಸರಿ ಎಚ್ಐ. ಗೆರೆ ಸೊನ್ನೆಯಿಂದ ಹೊರಡದೆ ಟಿಒಸಿ ಗೆರೆಯನ್ನು ಬಲಗಡೆ ಕಡಿದರೆ, ಜೇಡಿ ಖನಿಜಗಳು ಒಂದಿಷ್ಟು ಎಣ್ಣೆಯನ್ನು ಹಿಡಿದಿಟ್ಟುಕೊಂಡಿವೆ ಎಂದರ್ಥ. ಬಡ ಕಲ್ಲುಗಳಲ್ಲಿ ಎಚ್ಐ ಕಡಿಮೆ ಕಾಣುವುದಕ್ಕೆ ಇದೂ ಒಂದು ಕಾರಣ.

ಹೆಜ್ಜೆ 9: ಬರೆಯುವುದು

"ಟೈಪ್ 3" ಎಂದು ಒಂದು ಪದ ಬರೆದು ಮುಗಿಸಬೇಡಿ. ಸ್ಯಾಂಪಲ್ ಆ ಬಗ್ಗೆ ನಾನು ಬರೆಯುವುದಾದರೆ ಹೀಗೆ: "ಕಟಿಂಗ್ಸ್, ಹೆಕ್ಕಿದ್ದು. ಈಗಿನ ಎಚ್ಐ 120. ಟಿಮ್ಯಾಕ್ಸ್ 456, ಎಣ್ಣೆಯ ಕೊನೆಯ ಹಂತ. 300 ಕಣಗಳ ಎಣಿಕೆಯಂತೆ ಹುಟ್ಟುವಾಗ ಟೈಪ್ 2, ಸ್ವಲ್ಪ ಟೈಪ್ 3 ಬೆರಕೆ, ಅಂದಾಜು ಮೂಲ ಎಚ್ಐ 345. ಸುಮಾರು 72% ಖರ್ಚಾಗಿದೆ. ಅದೇ ಪದರದ ಹಸಿ ಸ್ಯಾಂಪಲ್ ಸಿಕ್ಕರೆ ಮತ್ತೆ ನೋಡಬೇಕು."

ಉಳಿದ ಪುಡಿಯನ್ನು ಬಿಸಾಡಬೇಡಿ. ಗಾಜಿನ ಬಾಟಲಿಗೆ ಹಾಕಿ, ಬಾವಿಯ ಹೆಸರು, ಆಳ, ತಾರೀಕು ಬರೆದು, ಬಿರಡೆ ಬಿಗಿಯಾಗಿ ಹಾಕಿ. ಜೂನ್ ಬಂದರೆ ನಮ್ಮ ಕಡೆ ಕಾಗದದ ಲೇಬಲ್ ಕಿತ್ತು ಬರುತ್ತದೆ, ಶಾಯಿ ಹರಡುತ್ತದೆ. ಪೆನ್ಸಿಲಿನಲ್ಲಿ ಬರೆದ ಒಂದು ಚೀಟಿಯನ್ನು ಬಾಟಲಿಗೆ ದಾರದಿಂದ ಕಟ್ಟಿಬಿಡಿ.